ಕೂದಲೆಳೆಯಷ್ಟು ಮೇಲೆ

ಗಡಿಯಾರ ರಿಪೇರಿಯವನು ದುರ್ಬೀನಿನಿಂದ ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ಇಟ್ಟ. ಮಸುಕು ಅಲ್ಲೇ ಇತ್ತು. ಪೂರ್ವದ ಕಟ್ಟಡಗಳ ಮೇಲೆ ಒಂದು ಗೇಣು ಎತ್ತರದಲ್ಲಿ, ಯಾರೋ ಗಾಜಿಗೆ ಉಸಿರು ಬಿಟ್ಟಂಥ ಕಲೆ. ನಿನ್ನೆ ಅಲ್ಲಿ ಏನೂ ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ದಿನಾ ಬೆಳಗಿನ ಜಾವ ತಾರಸಿ ಹತ್ತಿದವನಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಸೊಸೆ ಹಿಡಿದ ಟಾರ್ಚಿನ ಕೆಂಪು ಬೆಳಕಿನಲ್ಲಿ ಸುತ್ತಲಿನ ನಕ್ಷತ್ರಗಳನ್ನೂ ಕಲೆಯನ್ನೂ ಹಾಳೆಯ ಮೇಲೆ ಗುರುತು ಹಾಕಿಕೊಂಡ. ಗಂಟೆ ನಾಲ್ಕು ಐವತ್ತು. ಇನ್ನು ಮುಕ್ಕಾಲು ಗಂಟೆ ಕಾಯಬೇಕು. ಆ ನಕ್ಷತ್ರಗಳ ನಡುವೆ ಕಲೆ ಅಲುಗಿದರೆ ಧೂಮಕೇತು, ಅಲುಗದಿದ್ದರೆ ದುರ್ಬೀನಿನ ಗಾಜಿನೊಳಗಿನ ಸುಳ್ಳು ಬೆಳಕು. ಹಿಂದೊಮ್ಮೆ ಅಂಥ ಸುಳ್ಳನ್ನೇ ವರದಿ ಮಾಡಿ ನಗೆಪಾಟಲಾಗಿದ್ದ. ಈ ಸಲ ಚಲನೆ ಕಾಣದೆ ಬರೆದರೆ ಖಗೋಳ ವರದಿ ಕೇಂದ್ರದವರು ಓದುವುದೂ ಇಲ್ಲ.

ಐದೂ ಕಾಲಿಗೆ ಕಟ್ಟಡಗಳ ಹಿಂದಿನಿಂದ ಮೋಡ ಎದ್ದು, ಮೆಲ್ಲಗೆ ಮೇಲೆ ಬಂದು, ಕಲೆಯನ್ನು ನುಂಗಿ ಕೂತಿತು.

"ಕೈಗೆ ಬಂದ ತುತ್ತು..." ಎನ್ನುತ್ತ ಗೋಡೆಗೆ ಒರಗಿದ. ನಾಳೆಯ ಹೊತ್ತಿಗೆ ಜಗತ್ತಿನಲ್ಲಿ ಇನ್ಯಾರೋ ನೋಡಿರುತ್ತಾರೆ. ಧೂಮಕೇತುವಿಗೆ ಇಡುವುದು ಮೊದಲು ವರದಿ ಕಳಿಸಿದವರ ಹೆಸರನ್ನು.

"ನಮ್ಮಪ್ಪಂಗೆ ಫೋನ್ ಮಾಡ್ಲಾ ಮಾವ?" ಸೊಸೆ ಅಂಜುತ್ತಲೇ ಕೇಳಿದಳು. "ಅವರದು ಗುಡ್ಡದ ಮೇಲಿನ ಮನೆ. ಅಲ್ಲಿಗೆ ಮೋಡ ಇನ್ನೂ ಹೋಗಿರಲ್ಲ."

"ಕಳ್ಳನ ಕೈಗೆ ಕೀಲಿ ಕೊಡು ಅಂತೀಯಾ?"

ಆರು ವರ್ಷದ ಹಿಂದೆ ಇವನು ಹೀಗೇ ಒಂದು ಮಸುಕನ್ನು ಕಂಡು, 'ಬೀಗರೇ, ಸ್ವಲ್ಪ ನೋಡಿ ಹೇಳಿ' ಎಂದಿದ್ದ. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತನಾದ ಆ ಬೀಗ, ನೋಡಿದವನೇ ತನ್ನ ಹೆಸರಲ್ಲಿ ಬರೆದು ಕಳಿಸಿಬಿಟ್ಟ. ಆ ಧೂಮಕೇತು ಇವತ್ತಿಗೂ ಬೀಗನ ಹೆಸರು ಹೊತ್ತು ಸೂರ್ಯನನ್ನು ಸುತ್ತುತ್ತಿದೆ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಮೊಮ್ಮಗಳ ಹುಟ್ಟುಹಬ್ಬಕ್ಕೂ ಒಬ್ಬ ಬಂದು ಹೋದ ಮೇಲೆಯೇ ಇನ್ನೊಬ್ಬ.

ಪೂರ್ವ ಬೆಳ್ಳಗಾಗತೊಡಗಿತು. ಇನ್ನು ಹೆಚ್ಚೆಂದರೆ ಹತ್ತು ನಿಮಿಷ.

"ಮಾಡು," ಎಂದ.

ಸೊಸೆ ನಂಬರು ಒತ್ತಿ ಫೋನನ್ನು ಮಾವನ ಕೈಗಿಟ್ಟಳು. ಮೊದಲ ರಿಂಗಿಗೇ ಎತ್ತಿದ ಬೀಗ ಇವನ ದನಿ ಕೇಳಿದವನೇ ಹೇಳಿದ: "ಇಷ್ಟೊತ್ತಿಗೆ ನೀವು ಇನ್ಯಾತಕ್ಕೆ ಮಾಡ್ತೀರಿ? ಎಲ್ಲಿದೆ, ಹೇಳಿ."

ಗಡಿಯಾರದವನು ಹಾಳೆ ನೋಡಿಕೊಂಡು ಒಂದೊಂದೇ ನಕ್ಷತ್ರ ಹೇಳಿದ. ಆ ಕಡೆ ದುರ್ಬೀನಿನ ತಿರುಪು ತಿರುಗಿಸುವ ಸದ್ದು, ಮುದಿ ಉಸಿರು.

"ಇದೆ," ಎಂದ ಬೀಗ. "ನೀವು ಹೇಳಿದ ಜಾಗದಲ್ಲಿಲ್ಲ. ಕೂದಲೆಳೆಯಷ್ಟು ಮೇಲೆ ಹೋಗಿದೆ."

ಅಲುಗಿದೆ! ಗಡಿಯಾರದವನು ಪೆನ್ಸಿಲ್ ಎತ್ತಿಕೊಂಡ. "ಬೀಗರೇ..." ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು.

ಮತ್ತೆ ಮಾಡಿದರೆ ಎತ್ತಲಿಲ್ಲ. ತಾನೇ ಬರೆಯೋಣವೆಂದರೆ ಎರಡನೆಯ ಜಾಗದ ಅಳತೆ ಇರುವುದು ಅವನ ಬಳಿ. ಐದು ನಿಮಿಷವಾಯಿತು. ಹನ್ನೆರಡಾಯಿತು. ಸೊಸೆ ಅಪ್ಪನ ನಂಬರನ್ನು ಒತ್ತುತ್ತಲೇ ಇದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಒಂದು ಸಲ ಮೋಸ ಹೋದದ್ದು ಅವನ ತಪ್ಪು, ಎರಡನೇ ಸಲ ಹೋದದ್ದು ನನ್ನದೇ ಎಂದುಕೊಂಡು ಗಡಿಯಾರದವನು ಹಾಳೆಯನ್ನು ಮುದುರಿದ.

ಇಪ್ಪತ್ತನೇ ನಿಮಿಷಕ್ಕೆ ಫೋನು ಬಡಿದುಕೊಂಡಿತು.

"ಕಳಿಸಿದೆ," ಬೀಗ ಏದುಸಿರು ಬಿಡುತ್ತಿದ್ದ.

"ಯಾರ ಹೆಸರಲ್ಲಿ?"

"ತಡ ಆಯ್ತು, ಬೈಕೋಬೇಡಿ. ಇಷ್ಟು ವರ್ಷ ಬೀಗರು, ಬೀಗರು ಅಂತಲೇ ಕರೆದವನಿಗೆ ನಿಮ್ಮ ಪೂರ್ತಿ ಹೆಸರೇ ಗೊತ್ತಿಲ್ಲ ನೋಡಿ. ಅಟ್ಟ ಹತ್ತಿ ಮಕ್ಕಳ ಮದುವೆ ಕಾಗದ ಹುಡುಕಬೇಕಾಯ್ತು."