ಎದುರಂಗಡಿಯ ಹಕ್ಕಿ

“ಸ್ವಲ್ಪ ಅಲ್ಲಾಡದೆ ಇರೋಕಾಗಲ್ವಾ ನಿಂಗೆ?” ಟೋಪಿ ಹಾಕಿದ್ದ ಗಿರಾಕಿ ಗದರಿದರು.

ತನಗೇ ಅಂದರೆಂದು ಕೌಂಟರಿನ ಹುಡುಗ ಗಿಣಿ ಕಂಬದಂತೆ ನಿಂತ. ಬೈಸಿಕೊಂಡದ್ದು ಕ್ಯಾಮೆರಾ. ಟೋಪಿಯವರು ಅಂಗಡಿಯ ಬಾಗಿಲಲ್ಲಿ ನಿಂತು, ಅದರ ಮೂತಿಯನ್ನು ಪೂರ್ತಿ ಚಾಚಿ, ರಸ್ತೆಯಾಚೆ ಗುರಿಯಿಟ್ಟಿದ್ದರು. ಪರದೆಯ ಮೇಲೆ ಏನೋ ಕೆಂಪಗೆ ಕುಣಿಯುತ್ತಿತ್ತು.

“ಏನು ತೆಗೀಬೇಕು ಸರ್?”

“ಹಕ್ಕಿ.”

ಎದುರಿಗೆ ಒಂದು ಮರವೂ ಇರಲಿಲ್ಲ. ಇದ್ದದ್ದು ಮೀಸೆ ಎಂದೇ ಹೆಸರಾದ ಪೈಪೋಟಿಗಾರನ ಕ್ಯಾಮೆರಾ ಅಂಗಡಿ. ಗಿಣಿಯ ಕಿವಿ ನೆಟ್ಟಗಾಯಿತು.

ಯಾರ ದನಿಯನ್ನೇ ಆಗಲಿ, ಕೇಳಿದ ಮರುಗಳಿಗೆಯಲ್ಲಿ ಒಪ್ಪಿಸುತ್ತಿದ್ದುದರಿಂದ ಅವನು ಗಿಣಿ. ಅಂಗಡಿ ಸೋದರಮಾವನದು. ಬೆಳಿಗ್ಗೆ ಹೊರಗೆ ಹೊರಡುವಾಗ ಮಾವ ಬೆರಳಾಡಿಸಿ ಹೇಳಿದ್ದ: “ಲಾಂಗ್ ಜೂಮ್ ಮಾಡೆಲ್ ಹತ್ತು ಸಾವಿರ. ಎಂಟರ ತನಕ ಇಳಿ. ಅದಕ್ಕೂ ಕೆಳಗಿಳಿದ್ಯೋ, ಕೌಂಟರ್ ಬಿಟ್ಟು ನೆಲಮಾಳಿಗೆಗೆ ಇಳಿ. ಅಲ್ಲಿ ಡಬ್ಬ ಜೋಡಿಸ್ಕೊಂಡಿರು.” ನೆಲಮಾಳಿಗೆಯಲ್ಲಿ ಮಾತಿಗೆ ಸಿಗುವುದು ಇಲಿಗಳು ಮಾತ್ರ. ಮಾತಿಲ್ಲದೆ ಗಿಣಿ ಬದುಕೀತೆ?

ಗಿಣಿ ಆ ಲಾಂಗ್ ಜೂಮ್ ಮಾಡೆಲನ್ನೇ ತಂದು, ಜಾಹೀರಾತಿನವರ ದಪ್ಪ ದನಿ ಹಚ್ಚಿಕೊಂಡ. “ಇದರಲ್ಲಿ ಸ್ಟೆಬಿಲೈಸೇಶನ್ ಇದೆ ಸರ್. ದೂರದ್ದನ್ನ ಹತ್ತಿರ ಎಳೆದಷ್ಟೂ ಕೈನಡುಕ ದೊಡ್ಡದಾಗಿ ಕಾಣುತ್ತೆ. ಇದು ಅದನ್ನ ನುಂಗಿಬಿಡುತ್ತೆ. ನೀವು ನಡುಗಿದ್ರೂ ಚಿತ್ರ ನಡುಗಲ್ಲ. ಬರೀ ಹತ್ತು ಸಾವಿರ.”

“ನಡುಕ ಇದ್ದೇ ಇರುತ್ತೆ ಕಣಪ್ಪ, ಇಂಥ ಕೆಲಸದಲ್ಲಿ,” ಎಂದು ಟೋಪಿಯವರು ಮತ್ತೆ ಗುರಿಯಿಟ್ಟರು.

ಈಗ ಪರದೆಯಲ್ಲಿ ಎಲ್ಲ ಗಾಜಿನಂತೆ ತಿಳಿಯಾಯಿತು. ಮೀಸೆಯ ಅಂಗಡಿಯೊಳಗೆ ಕೆಂಪುಡುಗೆಯ ಹೆಂಗಸು ಕುರ್ಚಿಯಲ್ಲಿ ಕೂತಿದ್ದಳು. ಮೀಸೆ ತಂಪು ಪಾನೀಯದ ಬಾಟಲಿಗೆ ತಾನೇ ಸ್ಟ್ರಾ ಹಾಕಿ ಅವಳ ಮುಂದೆ ಹಿಡಿದಿದ್ದ. ಬಂದವರು ಒಂದು ಲೋಟ ನೀರು ಕೇಳಿದರೂ ನಲ್ಲಿ ತೋರಿಸುವ ಆಸಾಮಿ!

ಹೆಂಡತಿಯೇ ಇರಬೇಕು, ಎಂದುಕೊಂಡ ಗಿಣಿ. ಮೀಸೆಯ ಮದುವೆ ಹೋದ ತಿಂಗಳಷ್ಟೇ ಆಗಿತ್ತು. ಸಾಲಿನ ಅಂಗಡಿಯವರನ್ನೆಲ್ಲ ಕರೆದು ಇವನೊಬ್ಬನನ್ನು ಬಿಟ್ಟಿದ್ದ. “ಆ ಅಣಕುಗಾರ ಬಂದ್ರೆ ಮಂಟಪದಲ್ಲೇ ನನ್ನ ದನಿ ತೆಗೀತಾನೆ” ಅಂದನಂತೆ. ಅಂದದ್ದು ನಿಜವೇ ಆಗಿದ್ದರಿಂದ ಗಿಣಿಗೆ ಇನ್ನಷ್ಟು ಉರಿದಿತ್ತು.

ಅಷ್ಟರಲ್ಲಿ ಕೆಂಪುಡುಗೆಯವಳು ಮೀಸೆಯ ಅಂಗಡಿಯದೇ ಒಂದು ಕ್ಯಾಮೆರಾ ಎತ್ತಿ ನೇರ ಇತ್ತಲೇ ನೋಡಿದಳು. ಮೀಸೆ ಅತ್ತ ತಿರುಗಿದ್ದೇ ತಡ, ಕ್ಯಾಮೆರಾ ಮಡಿಲಿಗಿಳಿಸಿ ಕೌಂಟರಿನ ಮರೆಯಲ್ಲಿ ಬೆರಳು ಬಿಡಿಸಿದಳು. ಒಂಬತ್ತು.

ಟೋಪಿಯವರ ಮುಖದಲ್ಲಿ ಕಂಡೂ ಕಾಣದ ನಗು.

ಗಿಣಿಯ ತಲೆಯಲ್ಲಿ ಗಂಟೆ ಬಾರಿಸಿತು. ರಾತ್ರಿ ಒಂಬತ್ತಕ್ಕೆ! ಆಹಾ, ಗಂಡನ ಅಂಗಡಿಯಲ್ಲೇ ಕೂತು, ಗಂಡ ತಂದ ತಂಪು ಕುಡಿಯುತ್ತ, ಗಂಡನದೇ ಕ್ಯಾಮೆರಾದಲ್ಲಿ!

“ಹತ್ತು ಜಾಸ್ತಿಯಾಯ್ತು,” ಟೋಪಿಯವರು ಕ್ಯಾಮೆರಾ ಕೆಳಗಿಟ್ಟರು. “ಬರ್ತೀನಪ್ಪ.”

ಹೊರಟುಬಿಟ್ಟರೆ ಆಟ ಅರ್ಧಕ್ಕೇ ನಿಂತಂತೆ. “ಒಂಬತ್ತಕ್ಕೆ ಕೊಡೋಣ ಸರ್, ಇನ್ನೊಂದ್ಸಲ ನೋಡಿ!”

ಟೋಪಿಯವರು ಕೆನ್ನೆ ಕೆರೆದುಕೊಂಡರು, ಸುಮಾರು ಒಂಬತ್ತು ಬೆರಳಿನಿಂದ. ಮತ್ತೆ ನೋಡಿದರು. ಅತ್ತ ಅವಳು ಮೀಸೆಯ ಕಡೆ ವಾಲಿ ಏನೋ ಉಸುರಿದಳು. ಮೀಸೆ ಎದೆ ಮುಟ್ಟಿಕೊಂಡು ಗೋಗರೆದ. ಅವನು ಬೆನ್ನು ತಿರುಗಿಸಿದೊಡನೆ ಬೆರಳುಗಳು: ಎಂಟು.

ಒಂದು ಗಂಟೆ ಮುಂಚೆ! ಎಂಥ ಅವಸರ!

“ಯಾಕೋ ಮನಸ್ಸು ಆಚೆ ಕಡೇನೇ ಎಳೀತಿದೆ,” ಎಂದರು ಟೋಪಿಯವರು.

“ಎಳೆಯದೆ ಇರುತ್ತಾ ಸರ್! ಆದ್ರೆ ಬರಿಗೈಲಿ ಹೋಗಬೇಡಿ. ಎಂಟು.”

ಟೋಪಿಯವರು ಮತ್ತೆ ಕೆನ್ನೆ ಕೆರೆದರು. ಅತ್ತ ಮತ್ತೆ ಅವಳ ಬೆರಳು. ಏಳು.

ಗಿಣಿ ತುಟಿ ಕಚ್ಚಿಕೊಂಡ. ಮಾವನ ಗೆರೆ ಮುಗಿದಿತ್ತು. ಇನ್ನೊಂದು ಮೆಟ್ಟಿಲು ಇಳಿದರೆ ನೆಲಮಾಳಿಗೆ. ಆದರೆ ಎದುರಿಗೆ ಮೀಸೆ, ಏನೂ ಅರಿಯದ ಮೀಸೆ, ಅವಳಿಗೆ ಎರಡನೆಯ ಬಾಟಲಿ ತೆರೆಯುತ್ತಿದ್ದ! ಈ ಟೋಪಿ ಕ್ಯಾಮೆರಾದೊಂದಿಗೆ ಇಲ್ಲೇ ನಿಲ್ಲಬೇಕು, ಆ ಬೆರಳು ಆಡುತ್ತಲೇ ಇರಬೇಕು, ಒಂದು ದಿನ ಮೀಸೆ ಅದನ್ನು ಕಾಣಬೇಕು, ಆಗ ಅವನ ಮುಖವನ್ನು ಗಿಣಿ ಕಾಣಬೇಕು. ಅದಕ್ಕಾಗಿ ಇಲಿಗಳೊಂದಿಗೆ ಬಾಳ್ವೆ ಮಾಡಿದರೂ ಸರಿ.

“ಆರು!” ಎಂದುಬಿಟ್ಟ. “ತಗೊಳ್ಳಿ ಸರ್. ನಿಮ್ಮಂಥವರ ಕೈಯಲ್ಲೇ ಇರಬೇಕು ಇದು. ಯಾವಾಗ ಬೇಕಾದ್ರೂ ಬನ್ನಿ, ನಮ್ಮ ಬಾಗಿಲಲ್ಲೇ ನಿಂತು ಹಕ್ಕಿ ನೋಡ್ಕೊಳ್ಳಿ.”

ಟೋಪಿಯವರು ಒಂದು ಕ್ಷಣ ಅವನ ಮುಖ ನೋಡಿದರು. “ದೊಡ್ಡ ಮನಸ್ಸು ಕಣಪ್ಪ ನಿಂದು,” ಎಂದರು, ಮನಸಾರೆ. ಒಂದು ಕೈ ಪೂರ್ತಿ, ಇನ್ನೊಂದರ ಹೆಬ್ಬೆರಳು ಸೇರಿಸಿ ಟೋಪಿ ಸರಿಪಡಿಸಿಕೊಂಡರು. ಆಮೇಲೆ ಹಣ ಕೊಟ್ಟರು. ಗಿಣಿ ಬಿಲ್ಲು ಹರಿದು ಕೈಗಿತ್ತ.

ತಲೆಯೆತ್ತುವಷ್ಟರಲ್ಲಿ ಕೆಂಪುಡುಗೆಯವಳು ಎದ್ದಾಗಿತ್ತು. ಅರ್ಧ ಕುಡಿದ ಬಾಟಲಿ ಬಿಟ್ಟು, ಮೆಟ್ಟಿಲಿಳಿದು, ಹಾಡಹಗಲಲ್ಲೇ ರಸ್ತೆ ದಾಟಿ ಬರುತ್ತಿದ್ದಳು. ಆರಕ್ಕೆ ಬರಬೇಕಾದವಳು ಈಗಲೇ! ಬಂದವಳು ಟೋಪಿಯವರ ತೋಳಿಗೆ ತೋಳು ಸೇರಿಸಿದಳು. ಹಿಂದೆಯೇ ಮೀಸೆ, ಚಪ್ಪಲಿಯಿಲ್ಲದ ಕಾಲಲ್ಲಿ, ವಾಹನಗಳಿಗೆ ಕೈ ಅಡ್ಡ ಹಿಡಿದು ಓಡೋಡಿ ಬರುತ್ತಿದ್ದ. ಸಾಲಿನ ಅಂಗಡಿಯವರೆಲ್ಲ ಹೊರಗೆ ಇಣುಕಿದರು. ಒಂದು ಅಕ್ಷರವೂ ತಪ್ಪಿಹೋಗದಂತೆ, ನಾಳೆ ಹಾಗ್ಹಾಗೇ ಒಪ್ಪಿಸಬೇಕಲ್ಲ ಎಂದು, ಗಿಣಿ ಉಸಿರು ಬಿಗಿಹಿಡಿದು ಕಿವಿಯಾದ.

“ಮೇಡಂ, ಐದೂವರೆ! ಅದೇ ಕ್ಯಾಮೆರಾ ಐದೂವರೆಗೆ ಕೊಡ್ತೀನಿ! ಆ ಅಂಗಡೀಲಿ ದುಡ್ಡು ಕೊಡಬೇಡಿ ಅಂತ ನಿಮ್ಮ ಯಜಮಾನ್ರಿಗೆ ಹೇಳಿ ಮೇಡಂ!”