ಸದ್ದಾಗಬೇಕಿದ್ದ ಪೆಟ್ಟಿಗೆ

ಎರ್ಮೀನಿಯಾ ಕೈಚೀಲದಿಂದ ಒಂದು ಹಿಡಿ ಲೇಸ್ ಕಡ್ಡಿಗಳನ್ನು ತೆಗೆದು ಮೂರನೆಯ ಪೆಟ್ಟಿಗೆಗೂ ಸುರಿದಳು. ಮುಚ್ಚಳ ಹಾಕಿ, ಎತ್ತಿ, ಅಲ್ಲಾಡಿಸಿದಳು. ಊಹೂಂ. ದಾರ ಸುತ್ತುವ ಆ ಬೆರಳುದ್ದದ ಮರದ ಕಡ್ಡಿಗಳು ಗಂಟಲು ಕಟ್ಟಿದವರಂತೆ ಗೊರಗೊರ ಎಂದವು, ಅಷ್ಟೆ.

"ಪೆಟ್ಟಿಗೆ ಕೊಳ್ತಿದೀರೋ ತೆಂಗಿನಕಾಯಿ ಕೊಳ್ತಿದೀರೋ, ಡೋನ್ಯಾ ಎರ್ಮೀನಿಯಾ?" ಎಂದ ಬಡಗಿ ಉಬಾಲ್ದೊ. "ಲೇಸ್ ಹಾಕೋ ಸಾಮಾನು ಇಡೋಕೆ ಇದಕ್ಕಿಂತ ಒಳ್ಳೇದು ಎಲ್ಲಿದೆ? ಸೀಡರ್ ಮರ. ಹುಳ ಹತ್ರ ಬರಲ್ಲ. ನಮ್ಮ ಮೋಕಾ ಊರಲ್ಲಿ ಅರ್ಧ ಹೆಂಗಸರ ಮನೇಲಿ ನನ್ನ ಸೀಡರ್ ಪೆಟ್ಟಿಗೇನೇ ಇರೋದು."

"ಮೂಲೇಲಿರೋದು ಏನದು?"

"ಅದಾ! ಮುರಿದ ಮಂಚದ ಹಲಗೇಲಿ ಬಡಿದಿದ್ದು. ಮೊಳೆ ತುಂಬಿಟ್ಟಿದೀನಿ. ಅದನ್ನ ನಿಮಗೆ ಕೊಟ್ರೆ ಊರಿನೋರು ನನ್ನ ಮುಖಕ್ಕೆ ಉಗೀತಾರೆ."

ಎರ್ಮೀನಿಯಾ ತಾನೇ ಮೊಳೆಗಳನ್ನು ನೆಲಕ್ಕೆ ಸುರಿದು, ಕಡ್ಡಿಗಳನ್ನು ಹಾಕಿ ಅಲ್ಲಾಡಿಸಿದಳು. ಟಕಟಕ, ಟಕ್, ಟಕಟಕಟಕ. ಇನ್ನೊಮ್ಮೆ ಅಲ್ಲಾಡಿಸಿದಳು. ಅವಳೂ ಅಕ್ಕ ತೊಮಾಸಾಳೂ ಸಂಜೆ ಹೊತ್ತು ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರುಬದುರು ಕೂತು, ಲೇಸ್ ಹೆಣೆಯುವ ದಿಂಬಿನ ಮೇಲೆ ಕಡ್ಡಿ ದಾಟಿಸುತ್ತಿದ್ದಾಗ ಕೇಳುತ್ತಿದ್ದದ್ದು ಇದೇ ಸದ್ದು. ಒಬ್ಬಳ ಕೈ ನಿಂತರೆ ಇನ್ನೊಬ್ಬಳ ಕಡ್ಡಿಗಳು ಮಾತು ಮುಂದುವರಿಸುತ್ತಿದ್ದವು. ಈಸ್ಟರಿಗೆ ಮುಂಚೆ ತೊಮಾಸಾ ತೀರಿಕೊಂಡ ಮೇಲೆ ಒಬ್ಬಳೇ ಕೂತರೆ ಆ ಸದ್ದಿನ ತುಂಬ ತೂತುಗಳು, ಮನೆಯೆಲ್ಲ ಬಿಕೋ ಎನ್ನುತ್ತಿತ್ತು. ಅಕ್ಕನ ಕಡ್ಡಿಗಳನ್ನೂ ತನ್ನವನ್ನೂ ಒಂದೇ ಪೆಟ್ಟಿಗೆಗೆ ಹಾಕಬೇಕು, ಸಂಜೆ ಕೋಣೆಯಿಂದ ಜಗಲಿಗೆ ಅದನ್ನು ಹೊತ್ತು ತರುವಷ್ಟು ಹೊತ್ತಾದರೂ ಇಬ್ಬರ ಸದ್ದು ಕೇಳಬೇಕು. ಅವಳ ಆಸೆ ಇಷ್ಟೇ. ಆದರೆ ಮೈಯೆಲ್ಲ ಮರದ ಹೊಟ್ಟು ಮೆತ್ತಿಕೊಂಡು ನಿಂತ ಗಂಡಸಿಗೆ ಇದನ್ನು ಹೇಳುವುದಾದರೂ ಹೇಗೆ?

"ಇದೇ ಇರಲಿ," ಎಂದಳು.

"ತಮಾಷೆ ಮಾಡ್ಬೇಡಿ."

"ನನ್ನ ಕಡ್ಡಿ, ನನ್ನ ಪೆಟ್ಟಿಗೆ. ನಿಮಗೇನ್ರೀ ಹೊಟ್ಟೆನೋವು?"

ಉಬಾಲ್ದೊ ಅವಳ ಮಾಸಿದ ಕಪ್ಪು ಉಡುಪನ್ನೊಮ್ಮೆ ನೋಡಿದ. ಪಾಪ, ಕೈ ಬಿಗಿಯಾಗಿರಬೇಕು ಎಂದುಕೊಂಡನೋ ಏನೋ, ದನಿ ಮೆತ್ತಗಾಯಿತು. "ಆಯ್ತು ಬಿಡಿ. ಭಾನುವಾರ ಪೂಜೆ ಮುಗಿಸಿಕೊಂಡು ನಾನೇ ಮನೆಗೆ ತಂದುಕೊಡ್ತೀನಿ."

ಹೇಳಿದಂತೆ ಭಾನುವಾರ ಪೆಟ್ಟಿಗೆ ಹೆಗಲೇರಿ ಬಂತು. ಹಲಗೆ ಫಳಫಳ ಹೊಳೆಯುತ್ತಿತ್ತು. ಉಬಾಲ್ದೊ ಮದುವಣಗಿತ್ತಿಯ ಮುಸುಕು ಸರಿಸಿದಂತೆ ಮುಚ್ಚಳ ತೆರೆದ. ಒಳಗೆ ತಳಕ್ಕೂ ನಾಲ್ಕು ಬದಿಗೂ ದಪ್ಪನೆಯ ಹಸಿರು ಉಣ್ಣೆಬಟ್ಟೆ ಅಂಟಿಸಿದ್ದ.

"ಬಿಲಿಯರ್ಡ್ಸ್ ಮೇಜಿಗೆ ತಂದಿದ್ರಲ್ಲಿ ಉಳಿದಿತ್ತು. ಇದು ನನ್ನ ಕಡೆಯಿಂದ. ಈಗ ಕತ್ತೆ ಮೇಲೆ ಹೇರಿ ಬೆಟ್ಟ ಹತ್ತಿಸಿದ್ರೂ ಒಂದು ಕಡ್ಡಿ ಪಿಟ್ ಅನ್ನಲ್ಲ!"

ಎರ್ಮೀನಿಯಾ ಅಕ್ಕನ ಕಡ್ಡಿಗಳನ್ನು ಹಾಕಿದಳು, ತನ್ನವನ್ನು ಹಾಕಿದಳು. ಮುಚ್ಚಿ, ಎತ್ತಿ, ಅಲ್ಲಾಡಿಸಿದಳು. ಏನೂ ಇಲ್ಲ. ಅಕ್ಕನನ್ನು ಇನ್ನೊಮ್ಮೆ ಮಣ್ಣು ಮಾಡಿ ಬಂದಂತಾಯಿತು. ಕಿತ್ತುಹಾಕಿ ಇದನ್ನ ಎನ್ನಲು ಬಾಯಿ ತೆರೆದವಳು ಉಬಾಲ್ದೊನ ಬೆರಳುಗಳನ್ನು ಕಂಡಳು. ಅಂಟು ಉಗುರುಸಂದಿಯಲ್ಲೆಲ್ಲ ಒಣಗಿತ್ತು. ಶಾಭಾಸ್ ಎನ್ನಿಸಿಕೊಳ್ಳಲು ಕಾದು ನಿಂತಿದ್ದ.

"ಚೆನ್ನಾಗಿದೆ," ಎಂದಳು. "ಕೂತ್ಕೊಳ್ಳಿ, ಕಾಫಿ ಕುಡಿದು ಹೋಗಿ."

ಅವನು ಏನೂ ತಿಳಿಯದೆ ತೊಮಾಸಾಳ ಕುರ್ಚಿಯಲ್ಲೇ ಕೂತ. ಸೀಬೆಹಣ್ಣಿನ ಮಿಠಾಯಿಯನ್ನು ಬಿಳಿ ಚೀಸಿನ ಜೊತೆ ಮೆಲ್ಲುತ್ತ ಮಾತಿಗಿಳಿದ. ಚಂಡಮಾರುತದಲ್ಲಿ ಯಾರದೋ ಮನೆಯೆಲ್ಲ ಹಾರಿಹೋಗಿ ತಾನು ಮಾಡಿದ ಬಾಗಿಲೊಂದೇ ನಿಂತದ್ದು, ಮನೆಯ ಯಜಮಾನ ಆ ಬಾಗಿಲಿಗೇ ಬೀಗ ಜಡಿದು ಪೇಟೆಗೆ ಹೋದದ್ದು ಎಲ್ಲ ಹೇಳಿದ. ಎರ್ಮೀನಿಯಾ ನಕ್ಕುಬಿಟ್ಟಳು. ತನ್ನ ನಗು ಕೇಳಿ ತಾನೇ ಬೆಚ್ಚಿದಳು. ಕೇಳದೆಯೇ ಇನ್ನೊಂದು ಲೋಟ ಕಾಫಿ ಬಗ್ಗಿಸಿದಳು.

"ಬಹಳ ಮಾತಾಡಿಬಿಟ್ಟೆ," ಎಂದ ಉಬಾಲ್ದೊ. "ನಮ್ಮನೇಲಿ ರೇಡಿಯೋಗೆ ಮಾತ್ರ ಬಾಯಿರೋದು, ನೋಡಿ." ಕೊನೆಗೂ ಎದ್ದು ಟೋಪಿ ಹಾಕಿಕೊಂಡ. ಅವನು ಮೆಟ್ಟಿಲಿಳಿಯುತ್ತಿದ್ದಂತೆ ಮನೆ ಮತ್ತೆ ಬಿಕೋ ಎನ್ನಲು ಶುರುಮಾಡಿತು.

"ಡೋನ್ ಉಬಾಲ್ದೊ," ಎಂದು ಎರ್ಮೀನಿಯಾ ಕೂಗಿದಳು. "ಈ ಮುಚ್ಚಳದ ಕೀಲು ಯಾಕೋ ಕಿರ್ ಅಂತಿದೆ. ಮುಂದಿನ ಭಾನುವಾರ ಬಂದು ನೋಡ್ತೀರಾ?"

ಉಬಾಲ್ದೊ ಹಿಂದಿರುಗಿ ಬಂದ. ಹೊಚ್ಚ ಹೊಸ ಹಿತ್ತಾಳೆ ಕೀಲು, ಎಣ್ಣೆ ಇನ್ನೂ ಮಿನುಗುತ್ತಿತ್ತು. ಮುಚ್ಚಳ ಎತ್ತಿದ, ಇಳಿಸಿದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು, ಒಂಚೂರೂ ಸದ್ದಿಲ್ಲ. ಅವನು ತಲೆಯೆತ್ತಿ ಎರ್ಮೀನಿಯಾಳ ಮುಖ ನೋಡಿದ.

"ಹೌದು ನೋಡಿ," ಎಂದ. "ನಂಗೂ ಕೇಳಿಸ್ತು."