ಒಂದೇ ಗೂಟದ ಹಗ್ಗ

ಅಮೋಲ್ ಮೊಬೈಲನ್ನು ತಾಯಿಯ ಮೂಗಿನ ಕೆಳಗೇ ಹಿಡಿದ. ಸೋಮವ್ವ ರೊಟ್ಟಿ ಬಡಿಯುತ್ತಲೇ ಅದರತ್ತ ಕಣ್ಣು ಹಾಯಿಸಿದಳು. ವರ್ಷವಿಡೀ ಅವನು ಸೈಕಲ್ ತುಳಿದ ದಾರಿಗಳನ್ನೆಲ್ಲ ಆ್ಯಪು ಒಂದೇ ನಕಾಶೆಯಲ್ಲಿ ಕೆಂಪು ಗೆರೆಗಳಾಗಿ ಎಳೆದು ತೋರಿಸಿತ್ತು. ತುಳಜಾಪುರ, ನಳದುರ್ಗ, ವಿಜಾಪುರ, ಅಕ್ಕಲಕೋಟ. ಸೊಲ್ಲಾಪುರದ ಟವೆಲ್ ಕಾರ್ಖಾನೆಯಲ್ಲಿ ಆರು ದಿನ ನಿಂತು ದುಡಿಯುವವನು ಏಳನೆಯ ದಿನ ಕಾಲು ಚಾಚಿ ಮಲಗಬೇಕೋ ಬೇಡವೋ? ಇವನು ನೂರೈವತ್ತು, ಇನ್ನೂರು ಕಿಲೋಮೀಟರ್ ತುಳಿದು ಬರುತ್ತಾನೆ. ಅವನ ಹುಚ್ಚು ಅವನಿಗೆ.

ನೋಡುತ್ತ ನೋಡುತ್ತ ಸೋಮವ್ವನ ಕೈ ನಿಂತಿತು. ಗೆರೆಗಳು ಎತ್ತ ಹೋಗಿದ್ದರೂ ಮನೆಗೆ ಮರಳುವ ಮುಂಚೆ ಒಂದೇ ಜಾಗಕ್ಕೆ ಬಂದು ಕೂಡಿದ್ದವು, ಒಂದೇ ಗೂಟಕ್ಕೆ ಕಟ್ಟಿದ ಹಗ್ಗಗಳ ಹಾಗೆ.

"ಇದೇನಪಾ ಈ ಗಂಟು?"

"ಅದಾ? ಹನ್ನೂರ ದಾಟಿದ ಮ್ಯಾಲ ಒಂದ್ ಬೇವಿನ ಗಿಡ ಅದ. ಅದರ ಕೆಳಗ ಬೀರೋಬಾನ ಸಣ್ಣ ಗುಡಿ. ನೀರ ಕುಡ್ಯಾಕ ನಿಲ್ತೀನಿ, ಅಷ್ಟ."

ಪ್ರತಿ ಸಲವೂ ಅಲ್ಲಿಗೇ ಯಾಕೆ ಎಂದು ಕೇಳಿದ್ದಕ್ಕೆ ಅವನಲ್ಲಿ ಕಾರಣಗಳಿಗೇನು ಬರ? ಒಮ್ಮೆ ಹೈವೇಯಲ್ಲಿ ಲಾರಿಗಳ ಕಾಟ, ಒಮ್ಮೆ ಎದುರುಗಾಳಿ, ಒಮ್ಮೆ ಆ್ಯಪೇ ಅದು ಒಳ್ಳೆಯ ದಾರಿ ಅಂತ ತೋರಿಸಿತ್ತು. ಹೇಳುತ್ತ ಹೇಳುತ್ತ ಅವನಿಗೇ ನಗು ಬಂತು. ನಾಳೆಯ ರವಿವಾರದ ರೈಡೂ ಆ ಕಡೆಗೇ ಇತ್ತು.

ಸೋಮವ್ವ ಅವನ ಎಡಗಿವಿಯನ್ನೇ ನೋಡಿದಳು. ಅಂಚಿನಲ್ಲಿ ಗೋದಿ ಕಾಳಿನಷ್ಟು ಸೀಳು. ಕೂಸಿದ್ದಾಗ ಇಲಿ ಕಡಿದದ್ದು ಅಂತ ಊರಿಗೆಲ್ಲ ಹೇಳಿದ್ದಳು, ಈಗಿಲ್ಲದ ಗಂಡನಿಗೂ ಹಾಗೇ ಹೇಳಿದ್ದಳು. ಇಲಿ ಕಡಿದಿರಲಿಲ್ಲ. ಗಂಡ ಹೆಂಡತಿ ತಡವಳದಿಂದ ಕುರಿ ಹೊಡೆದುಕೊಂಡು ಬಂದು ಹನ್ನೂರಿನ ಹೊಲದಲ್ಲಿ ಬೀಡು ಬಿಟ್ಟಿದ್ದ ವರ್ಷ ಅದು. ಮೂರು ತಿಂಗಳ ಕೂಸು ಜ್ವರದಲ್ಲಿ ಕಣ್ಣು ಮೇಲೆ ಮಾಡಿತು. ಗಂಡ ಡಾಕ್ಟರನ್ನು ಹುಡುಕಿಕೊಂಡು ಹೋಗಿದ್ದ. ಅವಳು ಕೂಸನ್ನು ಆ ಬೇವಿನ ಕೆಳಗೆ ಒಯ್ದು ಮಲಗಿಸಿ, ಬೀರೋಬಾ, ಇವ ನನ್ನವ ಅಲ್ಲ, ನಿನ್ನವ, ಉಸಿರಾಡಿದರೆ ಸಾಕು ಅಂದವಳೇ ಉಣ್ಣೆ ಕತ್ತರಿಸುವ ಕತ್ತರಿಯಿಂದ ಕಿವಿಗೆ ಗುರುತು ಹಾಕಿ, ಹಣೆಗೆ ಭಂಡಾರದ ಅರಿಶಿನ ಬಳಿದಿದ್ದಳು. ದೇವರಿಗೆ ಬಿಡುವ ಟಗರಿಗೆ ಹಾಕುವ ಗುರುತು ಅದು. ಅಂಥ ಟಗರು ಯಾರ ಹೊಲದಲ್ಲಿ ಮೇದರೂ ಯಾರೂ ಹೊಡೆಯುವುದಿಲ್ಲ. ಎಲ್ಲೆಲ್ಲೋ ಮೇದು, ತನ್ನ ದಿನ ಬಂದಾಗ ತಾನೇ ಹೋಗಿ ದೇವರ ಮುಂದೆ ನಿಲ್ಲುತ್ತದೆ. ಆಮೇಲೆ ಹಟ್ಟಿಗೆ ಮರಳುವುದಿಲ್ಲ.

ಬೆಳಗಾಗುವುದರೊಳಗೆ ಕೂಸಿನ ಜ್ವರ ಇಳಿದಿತ್ತು. ಅಂದಿನಿಂದ ಮೂವತ್ತು ವರ್ಷ ಸೋಮವ್ವ ಆ ಕಡೆ ಮುಖ ಹಾಕಿರಲಿಲ್ಲ. ಕೊಟ್ಟ ಮಗನನ್ನು ಸೊಲ್ಲಾಪುರದಲ್ಲಿ ಮುಚ್ಚಿಟ್ಟುಕೊಂಡಿದ್ದಳು. ತಾಯಿ ಅಲ್ಲವೆ, ಇನ್ನೇನು ಮಾಡಿಯಾಳು?

"ನಾಳೆ ಆ ಕಡಿ ಬ್ಯಾಡ," ಅಂದಳು. "ನನ್ನ ಮ್ಯಾಲ ಆಣಿ."

ಅವಳ ಮುಖ ನೋಡಿ ಅಮೋಲ್ ವಾದಕ್ಕೆ ನಿಲ್ಲಲಿಲ್ಲ. ಟೆನ್ಶನ್ ನಕೋ, ಚಿಂತಿ ಬಿಡು ಎಂದು ನಕ್ಕು, ಅವಳೆದುರಿಗೇ ಹಳೆಯ ದಾರಿ ಅಳಿಸಿ ಹೊಸದನ್ನು ಹಾಕಿದ. ಪಡುವಣಕ್ಕೆ ಮಂಗಳವೇಢೆ ದಾಟಿ ಮರವಡೆ, ಹೋದ ದಾರಿಯಲ್ಲೇ ವಾಪಸ್. ಹನ್ನೂರಿಗೆ ಪೂರಾ ಬೆನ್ನು. ಸೋಮವ್ವನಿಗೆ ಹೋದ ಜೀವ ಬಂದಂತಾಯಿತು.

ರವಿವಾರ ನಸುಕಿನಲ್ಲೇ ಅವನು ಹೊರಟ. ಅವನಿರುವ ಜಾಗ ತೋರಿಸುವ ನೀಲಿ ಚುಕ್ಕೆ ಸೊಸೆ ಸೋನಾಲಿಯ ಮೊಬೈಲಿನಲ್ಲಿ ಸರಿಯುತ್ತಿತ್ತು. ಈಗೆಲ್ಲಿದ್ದಾನೆ, ಈಗೆಲ್ಲಿದ್ದಾನೆ ಎಂದು ಸೋಮವ್ವ ಅವಳ ತಲೆ ತಿಂದಳು. ಒಂಬತ್ತಕ್ಕೆ ಚುಕ್ಕೆ ಮರವಡೆ ಮುಟ್ಟಿ ತಿರುಗಿತು. ಒಂದು ಗಂಟೆಗೆ ಸೊಲ್ಲಾಪುರದೊಳಗೆ ಬಂತು. ಇನ್ನು ಐದೇ ನಿಮಿಷ ಎಂದು ಸೋನಾಲಿ ಹೇಳಿದ ಕೂಡಲೇ ಸೋಮವ್ವ ತಂಬಿಗೆ ತುಂಬ ಮಜ್ಜಿಗೆ ಹಿಡಿದು ಗೇಟಿನಲ್ಲಿ ನಿಂತಳು.

ಓಣಿಯ ತುದಿಯಲ್ಲಿ ಅವನ ಹಳದಿ ಅಂಗಿ ಕಂಡಿತು. ಸೈಕಲ್ ಓಣಿಗೆ ತಿರುಗಲಿಲ್ಲ. ಅವಳು ಗಂಟಲು ಹರಿಯುವಂತೆ ಕೂಗಿದಳು. ಅವನು ತಲೆ ಕೆಳಗೆ ಹಾಕಿಕೊಂಡು, ನೆಲ ಮೂಸುತ್ತ ಹೋಗುವವನ ಹಾಗೆ ದಾಟಿಹೋದ. ಸೋನಾಲಿ ಮಾಡಿದ ಫೋನ್ ಬಡಿದುಕೊಂಡೇ ನಿಂತಿತು. ಚುಕ್ಕೆ ಅಕ್ಕಲಕೋಟ ರಸ್ತೆ ಹಿಡಿದಿತ್ತು.

ಇಬ್ಬರೂ ಸಿಕ್ಕ ರಿಕ್ಷಾ ಹತ್ತಿದರು. ದಾರಿಯಲ್ಲಿ ಸೋಮವ್ವ ಸೊಸೆಗೆ ಎಲ್ಲವನ್ನೂ ಹೇಳಿದಳು, ಕತ್ತರಿಯನ್ನೂ ಬಿಡದೆ. ಸೋನಾಲಿ ಅಳಲಿಲ್ಲ, ಬೈಯಲೂ ಇಲ್ಲ, ಇನ್ನೂ ಜೋರಾಗಿ ಹೊಡೆಯಲು ಡ್ರೈವರನಿಗೆ ಹೇಳುತ್ತಲೇ ಇದ್ದಳು. ನೂರೈವತ್ತು ಕಿಲೋಮೀಟರ್ ತುಳಿದು ದಣಿದ ಕಾಲು, ಆದರೂ ರಿಕ್ಷಾಕ್ಕೆ ಸಿಗಲಿಲ್ಲ. ಹನ್ನೂರಿನಾಚೆ ಹೋಗಿ ಚುಕ್ಕೆ ನಿಂತುಬಿಟ್ಟಿತು. ಆಗ ಅವನ ಫೋನ್ ಬಂತು, ಸೋಮವ್ವನೇ ಕಿವಿಗೆ ಹಿಡಿದಳು.

ದನಿಯಲ್ಲಿ ಒಂದಿಷ್ಟೂ ದಣಿವಿರಲಿಲ್ಲ.

"ಅವ್ವಾ, ಸಿಟ್ಟ ಆಗಬ್ಯಾಡ. ಹ್ಯಾಂಗ ಬಂದೆ ನನಗೂ ತಿಳೀಲಿಲ್ಲ. ಇಲ್ಲೊಬ್ಬ ಕಂಬಳಿ ಹೊದ್ದ ಮುತ್ಯಾ ಅದಾನ. ನನ್ನ ಕಿವಿ ಮುಟ್ಟಿ ನೋಡಿ ಹಣಿಗಿ ಭಂಡಾರ ಹಚ್ಚಿದ." ಅಮೋಲ್ ನಕ್ಕ. "ಇಷ್ಟ ದಿನ ಎಲ್ಲೆಲ್ಲಿ ಮೇದು ಬಂದ್ಯೋ ಅಂತ ಕೇಳಾಕತ್ತಾನ. ಏನಂತ ಹೇಳ್ಲಿ, ಅವ್ವಾ?"